ಅಂಗೀಕೃತ ಗ್ರಂಥಗಳು ಮತ್ತು ಹೊರಗುಳಿದ ಬರಹಗಳು: ಹಂಪೆಯ ಪರಿಸರ

ಯಾವ ಧರ್ಮದಲ್ಲೇ ಆಗಲಿ, ಹಿರಿಯರ ಮಾತುಗಳಲ್ಲಿ ಕೆಲವು ಪ್ರಮಾಣವೆಂದು ನಿಲ್ಲುತ್ತವೆ, ಕೆಲವು ಪಕ್ಕಕ್ಕೆ ಸರಿಯುತ್ತವೆ. ಕ್ರೈಸ್ತ ಧರ್ಮದಲ್ಲಿ ಈ ಆಯ್ಕೆ ಮೊದಲ ನಾಲ್ಕು ಶತಮಾನಗಳಲ್ಲಿ ಮೆಡಿಟರೇನಿಯನ್ ಕಡಲಿನ ಸುತ್ತಲ ಪಟ್ಟಣಗಳಲ್ಲಿ ನಡೆಯಿತು. ಕನ್ನಡದಲ್ಲಿ ಅದಕ್ಕೆ ತೀರ ಹತ್ತಿರದ ನಿದರ್ಶನ ಹದಿನೈದನೆಯ ಶತಮಾನದ ವಿಜಯನಗರದಲ್ಲಿದೆ. ಕಲ್ಯಾಣದಲ್ಲಿ ಹುಟ್ಟಿ ಚದುರಿಹೋಗಿದ್ದ ವಚನಗಳನ್ನು ವಿರಕ್ತರು ಮತ್ತು ದಂಡನಾಯಕರು ಸೇರಿ ಆರಿಸಿ, ಜೋಡಿಸಿ, ಶಾಸ್ತ್ರದ ಸ್ಥಾನಕ್ಕೆ ಏರಿಸಿದ್ದು ಇಲ್ಲಿಯೇ. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ತುಂಗಭದ್ರೆಯ ಸೀಮೆಯಲ್ಲಿ ಗ್ರಂಥದ ಒಳಹೊರಗಿನ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಹರಿಹರ–ರಾಘವಾಂಕರ ಕಾಲದಲ್ಲಿ, ಪಂಪಾಕ್ಷೇತ್ರದ ಮಾಹಾತ್ಮ್ಯದ ವಿಷಯದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯಿಂದ ಹೊರಟ ಕನ್ನಡ ಬೈಬಲಿನಲ್ಲಿ ಅದರ ಬೇರೆ ಬೇರೆ ರೂಪಗಳನ್ನು ಕಾಣಬಹುದು. ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಓದಿದರೆ, ಒಂದು ಬರಹ ಹೊರಗುಳಿಯುವುದು ಬಹುಮಟ್ಟಿಗೆ ಜೋಡಣೆಯಿಂದಲೇ ಹೊರತು ನಿಷೇಧದಿಂದಲ್ಲ ಎಂಬುದು ತಿಳಿಯುತ್ತದೆ. ಜೋಡಿಸುವವನ ಚೌಕಟ್ಟಿನಲ್ಲಿ ಜಾಗ ಸಿಗದ ಓಲೆಯನ್ನು ಮುಂದಿನ ತಲೆಮಾರು ಪ್ರತಿ ಮಾಡುವುದಿಲ್ಲ. ಅದನ್ನು ಯಾರೂ ಸುಡಬೇಕಾಗಿ ಬರುವುದಿಲ್ಲ.

ಹರಿಹರ ಮತ್ತು ರಾಘವಾಂಕ

ಸುಮಾರು 1200ರ ಹೊತ್ತಿಗೆ ಹಂಪೆಯಲ್ಲಿ ವಿರೂಪಾಕ್ಷನ ಭಕ್ತನಾಗಿ ನೆಲೆಸಿದ್ದ ಹರಿಹರನು ಶಿವಶರಣರ ಚರಿತ್ರೆಗಳನ್ನು ರಗಳೆಯಲ್ಲಿ ಬರೆದನು. ಬಸವಣ್ಣನನ್ನು ಕುರಿತು ಕನ್ನಡದಲ್ಲಿ ಬಂದ ಮೊದಲ ಜೀವನಕಥನ ಅವನ ‘ಬಸವರಾಜದೇವರ ರಗಳೆ’. ಕಾಲದ ದೃಷ್ಟಿಯಿಂದ ಬಸವಣ್ಣನಿಗೆ ಇಷ್ಟು ಹತ್ತಿರದ ಇನ್ನೊಂದು ಕಥನ ಕನ್ನಡದಲ್ಲಿಲ್ಲ. ಆದರೂ ಅದರ 25 ಸ್ಥಲಗಳಲ್ಲಿ 13 ಮಾತ್ರ ನಮಗೆ ದೊರೆತಿವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿ 1369ರಲ್ಲಿ ಬರೆದ ‘ಬಸವಪುರಾಣ’ ಮಠಗಳ ಪುರಾಣಪ್ರವಚನಕ್ಕೆ ಒದಗಿತು, ಮತ್ತೆ ಮತ್ತೆ ಪ್ರತಿಯಾಯಿತು, ಪೂರ್ತಿಯಾಗಿ ಉಳಿಯಿತು. ಬಸವಣ್ಣನ ಕೊನೆಯ ದಿನಗಳನ್ನು ಹರಿಹರ ಹೇಗೆ ಕಂಡಿದ್ದನೆಂದು ತಿಳಿಯುವ ದಾರಿಯೇ ಮುಚ್ಚಿಹೋದದ್ದು ಕನ್ನಡ ಸಾಹಿತ್ಯಕ್ಕೆ ಆದ ದೊಡ್ಡ ನಷ್ಟಗಳಲ್ಲಿ ಒಂದು.

ಹರಿಹರನ ಸೋದರಳಿಯ ರಾಘವಾಂಕನದು ಇನ್ನೊಂದು ಬಗೆಯ ಕಥೆ. ಶಿವನನ್ನೂ ಶಿವಭಕ್ತರನ್ನೂ ಬಿಟ್ಟು ರಾಜನೊಬ್ಬನನ್ನು ಹಾಡಿದನೆಂದು ‘ಹರಿಶ್ಚಂದ್ರಕಾವ್ಯ’ದ ಮೇಲೆ ಗುರುವಾದ ಹರಿಹರ ಸಿಟ್ಟಾದನು, ಅಳಿಯನ ಹಲ್ಲು ಉದುರಿದವು, ಅವನು ಸೋಮನಾಥ, ಸಿದ್ಧರಾಮ, ವೀರೇಶರ ಚರಿತ್ರೆಗಳನ್ನು ಬರೆದ ಮೇಲೆ ಹಲ್ಲು ಮರಳಿ ಬಂದವು ಎಂದು ಐತಿಹ್ಯ ಹೇಳುತ್ತದೆ. ಇದು ನಡೆದ ಘಟನೆಯೋ ಅಲ್ಲವೋ, ಯಾವ ವಸ್ತು ಭಕ್ತರ ಓದಿಗೆ ತಕ್ಕದ್ದು, ಯಾವುದು ಅಲ್ಲ ಎಂಬ ತೀರ್ಪನ್ನಂತೂ ಕಥೆಯಾಗಿ ಹೇಳುತ್ತದೆ. ಆ ತೀರ್ಪನ್ನು ಓದುಗರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಕ್ಷೇಪಕ್ಕೆ ಗುರಿಯಾದ ‘ಹರಿಶ್ಚಂದ್ರಕಾವ್ಯ’ವೇ ರಾಘವಾಂಕನ ಕೃತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡಿತು. ಶಿವಪರವಾದ ‘ಹರಿಹರಮಹತ್ವ’ ಮತ್ತು ‘ಶರಭಚಾರಿತ್ರ’ ಹೆಸರಾಗಿ ಮಾತ್ರ ಉಳಿದಿವೆ.

ಪ್ರೌಢದೇವರಾಯನ ಕಾಲದ ಸಂಕಲನಯುಗ

ಬಸವಣ್ಣ, ಅಲ್ಲಮಪ್ರಭು, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ ಮತ್ತು ಹತ್ತಾರು ಕಾಯಕಗಳ ಶರಣ ಶರಣೆಯರು ವಚನ ನುಡಿದದ್ದು ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಆಳ್ವಿಕೆಯ ಕಲ್ಯಾಣದಲ್ಲಿ. ಅಲ್ಲಿನ ಕ್ಷೋಭೆಯ ನಂತರ ಶರಣರು ಚದುರಿದರು. ಒಂದು ಗುಂಪು ಚೆನ್ನಬಸವಣ್ಣನ ಹಿಂದೆ ಉಳವಿಯ ಕಾಡಿಗೆ ನಡೆಯಿತೆಂದು ಪರಂಪರೆ ನಂಬುತ್ತದೆ. ಅಲ್ಲಿಂದ ಸುಮಾರು ಎರಡೂವರೆ ಶತಮಾನ ವಚನಗಳು ಬಾಯಿಂದ ಬಾಯಿಗೆ, ಬಿಡಿ ಓಲೆಯಿಂದ ಓಲೆಗೆ ಸಾಗಿಬಂದವು. ಇಂದು ದೊರೆತಿರುವ ವಚನದ ಕಟ್ಟುಗಳಲ್ಲಿ ಬಹುಪಾಲು ಸಂಕಲನಯುಗಕ್ಕೆ ಈಚಿನವು. ಹೀಗಾಗಿ ಹನ್ನೆರಡನೆಯ ಶತಮಾನದ ಮಾತನ್ನು ನಾವು ಹದಿನೈದನೆಯ ಶತಮಾನದವರ ಕೈಯಿಂದ ಪಡೆದಿದ್ದೇವೆ. ವಚನಗಳನ್ನು ಓದುವವರು ಈ ಸಂಗತಿಯನ್ನು ಸುಲಭವಾಗಿ ಮರೆತುಬಿಡುತ್ತಾರೆ.

ಸಂಗಮ ವಂಶದ ಇಮ್ಮಡಿ ದೇವರಾಯ (1424–1446), ಕನ್ನಡ ಪರಂಪರೆಯ ಪ್ರೌಢದೇವರಾಯ, ವೀರಶೈವ ಮಂತ್ರಿಗಳಿಗೂ ದಂಡನಾಯಕರಿಗೂ ಆಸರೆಯಾಗಿದ್ದ ಅರಸು. ಅವನ ದಂಡನಾಯಕ ಲಕ್ಕಣ್ಣ ದಂಡೇಶ ‘ಶಿವತತ್ತ್ವಚಿಂತಾಮಣಿ’ ಬರೆದನು. ಮಂತ್ರಿ ಜಕ್ಕಣಾರ್ಯನು ವಚನಗಳನ್ನು ‘ನೂರೊಂದುಸ್ಥಲ’ವಾಗಿ ಅಳವಡಿಸಿದನು. ಅವನ ಗುರು ಮಹಾಲಿಂಗದೇವನ ಹೆಸರಿನಲ್ಲಿ ‘ಏಕೋತ್ತರಶತಸ್ಥಲ’ವಿದೆ. ಚಾಮರಸ ‘ಪ್ರಭುಲಿಂಗಲೀಲೆ’ಯನ್ನು ರಚಿಸಿದ್ದು ಈ ಪರಿಸರದಲ್ಲಿ. ಅಲ್ಲಮನನ್ನು ನಡುವಿಟ್ಟು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಮೊದಲ ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದ್ದೂ ಈ ಯುಗದಲ್ಲೇ. ಆ ಕಾಲದಲ್ಲಿ ವಿಜಯನಗರದಲ್ಲಿ ನೂರೊಂದು ವಿರಕ್ತರಿದ್ದರೆಂಬ ನೆನಪನ್ನು ಮುಂದೆ ಅದೃಶ್ಯಕವಿಯ ‘ಪ್ರೌಢರಾಯನ ಕಾವ್ಯ’ ಕಥೆಯಾಗಿ ಉಳಿಸಿತು.

ಈ ಸಂಕಲನಗಳಿಗೆ ಕಾಲದ ಒತ್ತಡವೂ ಇತ್ತು. ರಾಜಧಾನಿಯಲ್ಲಿ ಶ್ರೀವೈಷ್ಣವ, ಮಾಧ್ವ, ಅದ್ವೈತ ವಿದ್ವಾಂಸರಿದ್ದರು. ಅವರೆಲ್ಲರ ಕೈಯಲ್ಲಿ ಶ್ರುತಿ, ಸೂತ್ರ, ಭಾಷ್ಯಗಳಿದ್ದವು. ಇದಕ್ಕೆ ಅರ್ಧ ಶತಮಾನ ಮೊದಲೇ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರ ವೇದಭಾಷ್ಯದ ಕೆಲಸ ಸಾಗಿತ್ತು. ಅಲ್ಲಿಯೂ ಆಯ್ಕೆ ನಡೆದಿತ್ತು: ಶುಕ್ಲ ಯಜುರ್ವೇದದಲ್ಲಿ ಭಾಷ್ಯ ದೊರೆತದ್ದು ಕಾಣ್ವ ಶಾಖೆಗೆ, ಅಥರ್ವದಲ್ಲಿ ಶೌನಕ ಶಾಖೆಗೆ. ಇಂಥ ಸಭೆಯಲ್ಲಿ ನಿಮ್ಮ ಶಾಸ್ತ್ರ ಯಾವುದೆಂದು ಯಾರಾದರೂ ಕೇಳಿದರೆ ಬಿಡಿ ವಚನಗಳನ್ನು ತೋರಿಸಿ ತೃಪ್ತಿಪಡಿಸುವಂತಿರಲಿಲ್ಲ. ಅವು ಕ್ರಮವಾಗಬೇಕಿತ್ತು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳು ಆ ಕ್ರಮವನ್ನು ಒದಗಿಸಿದವು. ನೂರೊಂದುಸ್ಥಲದಲ್ಲಿ ಅದೇ ಕ್ರಮ ಇನ್ನಷ್ಟು ನುಣುಪಾಗಿ 44 ಅಂಗಸ್ಥಲ, 57 ಲಿಂಗಸ್ಥಲಗಳಾಗಿ ಹರಡಿಕೊಂಡಿತು. ಆಗಮಶ್ಲೋಕಗಳು ವಚನಗಳ ಪಕ್ಕದಲ್ಲಿ ಸಾಕ್ಷಿಗಳಾಗಿ ನಿಂತವು. ಹಸ್ತಪ್ರತಿಗಳಲ್ಲಿ ಈ ವಿಧಾನದ ಹೆಸರು ಸ್ಥಲಕಟ್ಟು.

ಸ್ಥಲಕಟ್ಟು ವಚನಗಳನ್ನು ಕಾಪಾಡಿತು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು. 1565ರ ರಕ್ಕಸತಂಗಡಿ ಕಾಳಗದ ನಂತರ ವಿಜಯನಗರ ಹಾಳಾದರೂ ವಚನಗಳು ಉಳಿದದ್ದು, ಅಷ್ಟರೊಳಗೆ ಕಟ್ಟುಗಳು ನಾಡಿನ ವಿರಕ್ತ ಮಠಗಳನ್ನು ಸೇರಿ ಪೂಜೆಗೂ ಪಾರಾಯಣಕ್ಕೂ ಸಂದಿದ್ದರಿಂದ. ಆದರೆ ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ, ಎದುರಿಗಿದ್ದವನಿಗೆ ಆಡಿದ ಮಾತು ಸಾಧನೆಯ ಮೆಟ್ಟಿಲೊಂದರ ಉದಾಹರಣೆಯಾದಾಗ ಅದರ ಹೊತ್ತೂ ಸಂದರ್ಭವೂ ಅಳಿಸಿಹೋಗುತ್ತವೆ. ಬಸವಣ್ಣ ಕೋಪದಲ್ಲಿ ಆಡಿದ ಮಾತು, ದಣಿದು ಆಡಿದ ಮಾತು, ಮಂತ್ರಿಯ ಮನೆಯ ಲೆಕ್ಕದ ನಡುವೆ ಹೊಳೆದ ಮಾತು ಎಲ್ಲವೂ ಭಕ್ತಸ್ಥಲದ ಒಂದೇ ಸಾಲಿನಲ್ಲಿ ಕುಳಿತವು. ಯಾವುದು ಮೊದಲು, ಯಾವುದು ನಂತರ ಎಂದು ಇಂದು ಯಾವ ಸಂಶೋಧಕನೂ ಖಚಿತವಾಗಿ ಹೇಳಲಾರ.

ಹೊರಗುಳಿದದ್ದು ಏನು

ಅತ್ಯಂತ ಸ್ಪಷ್ಟ ಉದಾಹರಣೆ ಅಲ್ಲಮನ ಪೂರ್ವಕಥೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಯುವಕ. ಕಮಲತೆಯನ್ನು ಒಲಿದು ಮದುವೆಯಾಗುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ. ದುಃಖದಲ್ಲಿ ಮರುಳನಂತೆ ಅಲೆಯುತ್ತಿದ್ದಾಗ ನೆಲದಲ್ಲಿ ಹೂತ ಗುಡಿಯ ಕಳಶ ಕಾಲ್ಬೆರಳಿಗೆ ಸಿಗುತ್ತದೆ. ಅಗೆದರೆ ಒಳಗೆ ಅನಿಮಿಷನೆಂಬ ಯೋಗಿ. ಅವನ ಕೈಯ ಲಿಂಗ ಅಲ್ಲಮನಿಗೆ ಬರುತ್ತದೆ. ಇನ್ನೂರು ಚಿಲ್ಲರೆ ವರ್ಷಗಳ ನಂತರ ಅದೇ ಊರಿನಲ್ಲಿ ಚಾಮರಸ ಈ ಕಥೆಯನ್ನು ಪೂರ್ತಿ ತಿರುಗಿಸಿದನು. ಅವನ ಪ್ರಭು ಹುಟ್ಟಿನಿಂದಲೇ ನಿರ್ಲಿಪ್ತ. ಪಾರ್ವತಿಯ ತಾಮಸ ಅಂಶವಾದ ಮಾಯೆ ಬನವಸೆಯ ಮಮಕಾರ ರಾಜನ ಮಗಳಾಗಿ ಹುಟ್ಟಿ ಅವನನ್ನು ಸೆಳೆಯಲು ಬಂದು ಸೋಲುತ್ತಾಳೆ. ಪ್ರೀತಿಸಿದವಳು ಹೋಗಿ ಸೋತ ಮಾಯೆ ಬಂದಳು, ದುಃಖ ಹೋಗಿ ಲೀಲೆ ಬಂತು. ಶೂನ್ಯಸಂಪಾದನೆಗಳಿಗೂ ಬೇಕಾಗಿದ್ದವನು ಈ ಎರಡನೆಯ ಅಲ್ಲಮನೇ. ಎಲ್ಲ ಶರಣರನ್ನೂ ಪರೀಕ್ಷಿಸುವವನು ತಾನೇ ಒಮ್ಮೆ ಮರುಳಾಗಿ ಅಲೆದಿದ್ದನೆಂದು ಒಪ್ಪುವುದು ಆ ಸಂವಾದಗಳಿಗೆ ಕಷ್ಟವಾಗುತ್ತಿತ್ತು. ಹರಿಹರನ ರಗಳೆಯನ್ನು ಯಾರೂ ಅಲ್ಲಗಳೆಯಲಿಲ್ಲ, ಅವನ ಮೇಲಿನ ಗೌರವವೂ ಕುಂದಲಿಲ್ಲ. ಕಮಲತೆಯ ಕಥೆ ಮಾತ್ರ ಪುರಾಣಪ್ರವಚನದಿಂದ ಮರೆಯಾಯಿತು. ಕಾವ್ಯವಾಗಿ ‘ಪ್ರಭುಲಿಂಗಲೀಲೆ’ ಎತ್ತರದ ಕೃತಿ. ಆದರೆ ಅಲ್ಲಮನ ವಚನಗಳಲ್ಲಿರುವ ಉರಿ ಎಲ್ಲಿಂದ ಬಂತೆಂದು ಅರಿಯಲು ಹರಿಹರ ಹೇಳಿದ ಸಾವೇ ನಮಗೆ ಹೆಚ್ಚು ನೆರವಾಗುತ್ತದೆ.

ಎರಡನೆಯದು ಸಿದ್ಧರಾಮನ ದೀಕ್ಷೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿ ನಿಲ್ಲಿಸಿದ ಸಿದ್ಧರಾಮ ಇಷ್ಟಲಿಂಗ ಪಡೆದನೋ, ಪಡೆಯಬೇಕಾದ ಅಗತ್ಯವಿತ್ತೋ ಎಂಬುದು ವಿರಕ್ತರ ನಡುವೆ ಬಿಸಿಯಾದ ಚರ್ಚೆಯಾಗಿತ್ತು. ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯಲ್ಲಿ ಆ ದೀಕ್ಷೆಯ ಪ್ರಸಂಗವಿಲ್ಲ. ಮುಂದೆ ಅದನ್ನು ಪರಿಷ್ಕರಿಸಿದ ಹಲಗೆಯಾರ್ಯ ಸೇರಿಸಿದನು. ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರು ಇದೇ ಗ್ರಂಥವನ್ನು ಮತ್ತೆ ತಿದ್ದಿ ಬೆಳೆಸಿದರು. ಒಂದೇ ಹೆಸರಿನ ಗ್ರಂಥ ನಾಲ್ಕು ರೂಪಗಳಲ್ಲಿ ನಿಂತಿರುವುದರಿಂದ, ಯಾರು ಏನನ್ನು ಬಿಟ್ಟರು, ಏನನ್ನು ತಂದರು ಎಂದು ಸಾಲುಸಾಲಾಗಿ ಹೋಲಿಸಿ ನೋಡಲು ಸಾಧ್ಯವಾಗಿದೆ. ಗ್ರಂಥಪ್ರಾಮಾಣ್ಯದ ಅಧ್ಯಯನಕ್ಕೆ ಇಷ್ಟು ಒಳ್ಳೆಯ ಸಾಮಗ್ರಿ ಭಾರತೀಯ ಭಾಷೆಗಳಲ್ಲಿ ಅಪರೂಪ.

ಹೊರಗುಳಿದ ಬೇರೆ ವಚನಗಳ ಕಾರಣ ಸರಳ. ಹಾಡಲೆಂದು ಕಟ್ಟಿದ ಸ್ವರವಚನಗಳು ಸ್ಥಲಕಟ್ಟಿಗೆ ಒಗ್ಗದೆ ಬೇರೆ ಕಟ್ಟುಗಳಲ್ಲಿ ಉಳಿದವು. ಬೆಡಗಿನ ವಚನಗಳಿಗೆ ಟೀಕು ಬೇಕಾಯಿತು. ಟೀಕು ಸಿಕ್ಕವು ಓದಿಸಿಕೊಂಡವು, ಸಿಗದವು ಮೂಲೆ ಸೇರಿದವು. ಮುಂದಾಗುವುದನ್ನು ಹೇಳುವ ಕಾಲಜ್ಞಾನ ವಚನಗಳದು ಮತ್ತೊಂದು ಪ್ರತ್ಯೇಕ ಲೋಕ. ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ಶೂನ್ಯಸಂಪಾದನೆಯಲ್ಲಿ ತಲೆಯೆತ್ತಿ ವಾದಿಸುತ್ತಾರೆ. ಒಂದೇ ವಚನ ಉಳಿದಿರುವ ಸೂಳೆ ಸಂಕವ್ವೆಗೆ ಅಲ್ಲಿ ಮಾತಿಲ್ಲ. ಆ ಒಂದು ವಚನ ಉಳಿದದ್ದೇ ಹೆಚ್ಚು. ಸಂಕಲನಕಾರರ ಕಣ್ಣಿಗೆ ಬೀಳದೆ ಹೋದ ಕಾಯಕದವರ ಮಾತು ಎಷ್ಟಿತ್ತೆಂದು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ.

ಕ್ರೈಸ್ತ ಗ್ರಂಥಗಳ ನಿರ್ಣಯ

ಯೇಸುವಿನ ನಂತರದ ಮೊದಲ ಎರಡು ಶತಮಾನಗಳಲ್ಲಿ ಸುವಾರ್ತೆ, ಕೃತ್ಯ, ಪತ್ರ, ಪ್ರಕಟನೆಗಳ ಹೆಸರಿನಲ್ಲಿ ಬಹಳ ಬರಹಗಳು ಓಡಾಡುತ್ತಿದ್ದವು. ಸುಮಾರು 144ರಲ್ಲಿ ರೋಮಿನಲ್ಲಿ ಮಾರ್ಸಿಯನ್ ಎಂಬವನು ಯೆಹೂದ್ಯರ ಧರ್ಮಗ್ರಂಥವನ್ನು ಪೂರ್ತಿ ಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಒಪ್ಪಿದನು. ಸಭೆಗಳು ತಮ್ಮ ಪಟ್ಟಿಯನ್ನು ಕುರಿತು ಯೋಚಿಸತೊಡಗಲು ಅವನ ಕಿರುಪಟ್ಟಿಗೆ ಉತ್ತರ ಕೊಡಬೇಕಾಗಿ ಬಂದದ್ದೂ ಒಂದು ಕಾರಣವಿರಬೇಕು. ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸ್ ಸುವಾರ್ತೆಗಳು ನಾಲ್ಕೇ ಎಂದು ವಾದಿಸಿದನು. ನಾಲ್ಕನೆಯ ಶತಮಾನದ ಆರಂಭದಲ್ಲಿ ಚರಿತ್ರಕಾರ ಯೂಸೀಬಿಯಸ್ ಎಲ್ಲರೂ ಒಪ್ಪಿದವು, ವಿವಾದದಲ್ಲಿರುವವು, ತಿರಸ್ಕೃತವಾದವು ಎಂದು ಗುಂಪು ಮಾಡಿದನು. ಇಂದು ಬೈಬಲಿನೊಳಗಿರುವ ಯಾಕೋಬ, ಯೂದ, ಪೇತ್ರನ ಎರಡನೆಯ ಪತ್ರ, ಯೋಹಾನನ ಎರಡನೆಯ ಮತ್ತು ಮೂರನೆಯ ಪತ್ರಗಳು ಆಗ ವಿವಾದದಲ್ಲಿದ್ದವು. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳೇ, ಹೆಚ್ಚೂ ಕಡಿಮೆಯೂ ಇಲ್ಲದೆ, ಮೊದಲ ಬಾರಿಗೆ ಒಂದೆಡೆ ಕಾಣುವುದು ಅಲೆಕ್ಸಾಂಡ್ರಿಯದ ಅಥನೇಸಿಯಸ್ 367ರಲ್ಲಿ ಬರೆದ ಹಬ್ಬದ ಪತ್ರದಲ್ಲಿ. ಉತ್ತರ ಆಫ್ರಿಕದ ಹಿಪ್ಪೊ (393), ಕಾರ್ಥೇಜ್ (397) ಸಭೆಗಳು ಅದನ್ನು ಅನುಮೋದಿಸಿದವು. 325ರ ನೈಸಿಯಾ ಮಹಾಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಗ್ರಂಥಗಳನ್ನು ಆರಿಸಿ ಉಳಿದವನ್ನು ಸುಡಿಸಿದನೆಂಬ ಮಾತು ಕಾದಂಬರಿಗಳಿಂದ ಹರಡಿದ್ದು. ಆ ಸಭೆ ಪುಸ್ತಕಗಳ ಪಟ್ಟಿಯನ್ನು ನಿರ್ಣಯಿಸಲೇ ಇಲ್ಲ.

ಪಟ್ಟಿಗೆ ಸೇರಿಸುವಾಗ ನೋಡುತ್ತಿದ್ದದ್ದು ಮುಖ್ಯವಾಗಿ ಮೂರು ಸಂಗತಿ: ಬರಹ ಅಪೊಸ್ತಲರಿಗೆ ಅಥವಾ ಅವರ ಒಡನಾಡಿಗಳಿಗೆ ಸಲ್ಲುತ್ತದೆಯೇ, ಬಹುಪಾಲು ಸಭೆಗಳು ಅದನ್ನು ಆರಾಧನೆಯಲ್ಲಿ ಓದುತ್ತಿವೆಯೇ, ಬಳಿವಿಡಿದು ಬಂದ ನಂಬಿಕೆಗೆ ಅದು ಹೊಂದುತ್ತದೆಯೇ. ‘ಹರ್ಮಾಸನ ಕುರುಬ’ ಎಂಬ ಕೃತಿಯನ್ನು ಜನ ಬಹಳ ಮೆಚ್ಚಿದ್ದರು. ಸಿನಾಯ್ ಮಠದ ನಾಲ್ಕನೆಯ ಶತಮಾನದ ಹಸ್ತಪ್ರತಿಯಲ್ಲಿ ಅದು ಬೈಬಲಿನ ಜೊತೆಯಲ್ಲೇ ಇದೆ. ಅದು ಈಚಿನದು, ಅಪೊಸ್ತಲರ ಕಾಲದ್ದಲ್ಲ, ಖಾಸಗಿಯಾಗಿ ಓದಬಹುದು, ಸಭೆಯ ಮುಂದೆ ಓದಬಾರದು ಎಂದು ಮುರಾಟೋರಿ ಎಂಬ ವಿದ್ವಾಂಸ 1740ರಲ್ಲಿ ಪ್ರಕಟಿಸಿದ ಪ್ರಾಚೀನ ಪಟ್ಟಿಯ ತುಣುಕು ಹೇಳುತ್ತದೆ. ಸುಮಾರು 200ರ ಹೊತ್ತಿಗೆ ಅಂತಿಯೋಕ್ಯದ ಬಿಷಪ್ ಸೆರಪಿಯನ್ ರೋಸಸ್ ಊರಿನವರಿಗೆ ‘ಪೇತ್ರನ ಸುವಾರ್ತೆ’ ಓದಲು ಮೊದಲು ಅನುಮತಿ ಕೊಟ್ಟು, ತಾನೇ ಓದಿ ನೋಡಿದ ಮೇಲೆ ಹಿಂತೆಗೆದುಕೊಂಡನು. ಕ್ರಿಸ್ತನ ದೇಹವೂ ನೋವೂ ತೋರಿಕೆ ಮಾತ್ರ ಎನ್ನುವವರಿಗೆ ಆ ಸುವಾರ್ತೆ ಆಸರೆಯಾಗಿತ್ತು.

ಹಂಪೆಯನ್ನು ಬಲ್ಲವರಿಗೆ ಇಲ್ಲಿ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಕ್ರೈಸ್ತ ಸಭೆ ಪಕ್ಕಕ್ಕಿಟ್ಟ ಬರಹಗಳಲ್ಲಿ ಹಲವು ಯೇಸುವಿನ ಮನುಷ್ಯತ್ವವನ್ನು ತೆಳುವಾಗಿಸಿದವು. ಬಾಯಾರಿದ, ಅತ್ತ, ಸತ್ತ ಯೇಸುವನ್ನು ಅದು ಉಳಿಸಿಕೊಂಡಿತು. ವಿಜಯನಗರದ ವಿರಕ್ತರು ಪಕ್ಕಕ್ಕಿಟ್ಟದ್ದು ಅಲ್ಲಮ ಅತ್ತ ಕಥೆಯನ್ನು. ಎರಡೂ ಕಡೆ ಆರಿಸಿದವರು ಭಕ್ತರೇ, ಇಬ್ಬರಿಗೂ ತಮ್ಮ ಗುರುವಿನ ಮೇಲೆ ಅಪಾರ ಪ್ರೀತಿಯೇ. ಆ ಪ್ರೀತಿ ಒಂದೆಡೆ ಗಾಯವನ್ನು ಹಿಡಿದಿಟ್ಟುಕೊಂಡಿತು, ಇನ್ನೊಂದೆಡೆ ಮಾಯಿಸಿತು.

ಪಟ್ಟಿ ಎಲ್ಲ ಕಡೆಯೂ ಒಂದೇ ಆಗಲಿಲ್ಲ. ಇಥಿಯೋಪಿಯದ ಸಭೆ ಹನೋಕನ ಪುಸ್ತಕವನ್ನು ಇಂದಿಗೂ ಇಟ್ಟುಕೊಂಡಿದೆ. ಸಿರಿಯಾಕ್ ಭಾಷೆಯ ಪ್ರಾಚೀನ ಬೈಬಲಿನ ಹೊಸ ಒಡಂಬಡಿಕೆಯಲ್ಲಿ 22 ಪುಸ್ತಕಗಳಿದ್ದವು. ಕೇರಳದ ಸುರಿಯಾನಿ ಕ್ರೈಸ್ತರು ಓದುತ್ತಿದ್ದದ್ದು ಅದನ್ನೇ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸೇರಿಸಿದ ಸಭೆ ಬಿಟ್ಟುಹೋದ ಪತ್ರಗಳನ್ನೂ ಪ್ರಕಟನೆಯನ್ನೂ ಸೇರಿಸಿಕೊಳ್ಳಲು ಆಜ್ಞಾಪಿಸಿತು; ಯೇಸುವಿನ ಬಾಲ್ಯದ ಕಥೆಯ ಪುಸ್ತಕವೂ ಸೇರಿ ಹಲವು ಸಿರಿಯಾಕ್ ಗ್ರಂಥಗಳನ್ನು ಖಂಡಿಸಿತು, ಹಸ್ತಪ್ರತಿಗಳು ಬೆಂಕಿಗೆ ಬಿದ್ದವು. ಆಜ್ಞೆ ಹೊರಡಿಸಿ ಗ್ರಂಥಗಳನ್ನು ನಾಶಮಾಡಿದ ಪ್ರಸಂಗ ದಕ್ಷಿಣ ಭಾರತದ ಕ್ರೈಸ್ತ ಚರಿತ್ರೆಯಲ್ಲಿ ಇದ್ದರೆ ಅದು ಇದು, ನೋವಿನ ಅಧ್ಯಾಯ. ಭಾರತದ ನೆನಪನ್ನು ಹೊತ್ತ ‘ತೋಮನ ಕೃತ್ಯಗಳು’ ಕೂಡ ಬೈಬಲಿನ ಹೊರಗಿನ ಬರಹವೇ. ಅಪೊಸ್ತಲ ತೋಮನು ಗೊಂಡೊಫರೀಸ್ ರಾಜನ ನಾಡಿಗೆ ಬಂದನೆಂದು ಹೇಳುವುದು ಅದು.

ಬಳ್ಳಾರಿಯ ಸತ್ಯವೇದ

1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲನ್ನು ಕನ್ನಡಿಸಲು ತೊಡಗಿದನು. ಕನ್ನಡ ನಿಘಂಟುಗಳಿಂದ ಹೆಸರಾದ ವಿಲಿಯಂ ರೀವ್ ಜೊತೆಗಾರ. 1831ರಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮತ್ತು ಸಂಗಡಿಗರು ಅದರ ಭಾಷೆಯನ್ನು ತಿದ್ದಿದರು.

ಇದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ದೊಡ್ಡ ಜಗಳ ನಡೆಯುತ್ತಿತ್ತು. ತೋಬಿತ, ಯೂದಿತ, ಸಿರಾಖ, ಬಾರೂಕ, ಮಕ್ಕಬಿಯರ ಪುಸ್ತಕಗಳು ಗ್ರೀಕ್ ಭಾಷೆಯ ಹಳೆಯ ಒಡಂಬಡಿಕೆಯಲ್ಲಿದ್ದು ಹೀಬ್ರೂ ಪಟ್ಟಿಯಲ್ಲಿಲ್ಲದವು. 1534ರ ಬೈಬಲಿನಲ್ಲಿ ಲೂಥರ್ ಅವನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟನು. 1546ರ ಟ್ರೆಂಟ್ ಸಭೆಯಲ್ಲಿ ಕಥೋಲಿಕರು ಅವನ್ನು ಅಂಗೀಕೃತವೆಂದು ಸಾರಿದರು. 1611ರ ಇಂಗ್ಲಿಷ್ ಬೈಬಲಿನಲ್ಲಿಯೂ ಅವು ಇದ್ದವು. ಆದರೆ 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ, ಅವನ್ನು ಅಚ್ಚು ಹಾಕಿಸಲು ಹಣ ಕೊಡಕೂಡದೆಂದು ಹಟ ಹಿಡಿದ ಸ್ಕಾಟ್ಲೆಂಡಿನ ಬೆಂಬಲಿಗರಿಗೆ ಮಣಿದು, 1826ರಲ್ಲಿ ಆ ಪುಸ್ತಕಗಳಿಗೆ ಬಾಗಿಲು ಮುಚ್ಚಿತು. ಹೀಗೆ ಬೈಬಲ್ ಸೊಸೈಟಿಗಳ ಮೂಲಕ ಕನ್ನಡದ ಪ್ರೊಟೆಸ್ಟೆಂಟ್ ಓದುಗರ ಕೈಸೇರಿದ ಸತ್ಯವೇದದಲ್ಲಿ 66 ಪುಸ್ತಕಗಳೇ ನಿಂತವು. ಕಥೋಲಿಕರ ಕನ್ನಡ ಬೈಬಲಿನಲ್ಲಿ 73 ಪುಸ್ತಕಗಳಿವೆ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕಥೋಲಿಕ ಧರ್ಮಪ್ರಾಂತದ ವಿಶ್ವಾಸಿಗಳು ಮಕ್ಕಬಿಯ ತಾಯಿ ಮತ್ತು ಅವಳ ಏಳು ಮಕ್ಕಳ ಕಥೆಯನ್ನು ಪೂಜೆಯಲ್ಲಿ ಕೇಳುತ್ತಾರೆ. ಅದೇ ಬೀದಿಯ ಪ್ರೊಟೆಸ್ಟೆಂಟ್ ನೆರೆಯವರ ಸತ್ಯವೇದದಲ್ಲಿ ಆ ತಾಯಿ ಇಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಒಂದು ಸಮಿತಿಯ ಠರಾವು ತುಂಗಭದ್ರೆಯ ದಂಡೆಯ ಮನೆಗಳವರೆಗೂ ತಲುಪಿದ ಬಗೆ ಇದು.

ಪಂಪಾಕ್ಷೇತ್ರದ ಮಾಹಾತ್ಮ್ಯ ಮತ್ತು ಬಾಯಿಮಾತಿನ ಗ್ರಂಥಗಳು

ಹಂಪೆಯ ಸ್ಥಳಪುರಾಣವಾದ ‘ಪಂಪಾಮಾಹಾತ್ಮ್ಯ’ ತನ್ನನ್ನು ಸ್ಕಂದಪುರಾಣದ ಭಾಗವೆಂದು ಹೇಳಿಕೊಳ್ಳುತ್ತದೆ. ಏಳು ಖಂಡಗಳಾಗಿ ಅಚ್ಚಾಗಿರುವ ಪ್ರಚಲಿತ ಸ್ಕಂದಪುರಾಣದಲ್ಲಿ ಅದಿಲ್ಲ. ನೇಪಾಳದಲ್ಲಿ ದೊರೆತ, ಒಂಬತ್ತನೆಯ ಶತಮಾನದ ಆರಂಭದ ಓಲೆಪ್ರತಿಯ ಸ್ಕಂದಪುರಾಣವಂತೂ ಅಚ್ಚಾದದ್ದಕ್ಕಿಂತ ಪೂರ್ತಿ ಬೇರೆ ಗ್ರಂಥ. ಆದರೂ ಹೊಸಪೇಟೆಯ ಬಳಿಯ ಜಂಬುನಾಥನ ಬೆಟ್ಟವನ್ನು ಕ್ಷೇತ್ರದ ಹೆಬ್ಬಾಗಿಲೆಂದು ಭಕ್ತರು ನೆನೆಯುವುದಕ್ಕೂ, ಸಂಡೂರಿನ ಕಬ್ಬಿಣದ ಬೆಟ್ಟಗಳ ಕುಮಾರಸ್ವಾಮಿಗೂ ಪಂಪೆ–ವಿರೂಪಾಕ್ಷರಿಗೂ ನಂಟು ಹೆಣೆಯುವುದಕ್ಕೂ ಇಂಥ ಮಾಹಾತ್ಮ್ಯಗಳೇ ಆಧಾರ. ಪುರಾಣಗಳ ವಿಷಯದಲ್ಲಿ ಪಟ್ಟಿಯನ್ನು ಮುಚ್ಚುವ ಅಧಿಕಾರ ಯಾರಿಗೂ ಇರಲಿಲ್ಲ. ಒಂದು ಕ್ಷೇತ್ರ ಪ್ರಸಿದ್ಧವಾದಂತೆ ಅದರ ಮಾಹಾತ್ಮ್ಯ ಸ್ಕಂದಪುರಾಣದ ಹೆಸರಿನಡಿ ಬಂದು ಸೇರಿಕೊಳ್ಳುತ್ತಿತ್ತು. ಬೈಬಲಿಗೂ ಶೂನ್ಯಸಂಪಾದನೆಗೂ ಇಲ್ಲದ ಸಡಿಲ ಇದು.

ದಾಸಸಾಹಿತ್ಯದಲ್ಲಿ ಗಡಿ ಭಾಷೆಯದು. ಹಂಪೆಯಲ್ಲಿ ವ್ಯಾಸರಾಯರ ಸಂಸ್ಕೃತ ವಾದಗ್ರಂಥಗಳು ವ್ಯಾಸಕೂಟದವು, ಪುರಂದರದಾಸರ ಕನ್ನಡ ಹಾಡುಗಳು ದಾಸಕೂಟದವು. ವ್ಯಾಸರಾಯರೇ ಆ ಹಾಡುಗಳನ್ನು ಪುರಂದರೋಪನಿಷತ್ತೆಂದು ಕರೆದು ಗೌರವಿಸಿದರೆಂದು ಸಂಪ್ರದಾಯ ಹೇಳುತ್ತದೆ. ಪುರಂದರದಾಸರು 4,75,000 ಹಾಡು ಕಟ್ಟಿದರೆಂಬ ನಂಬಿಕೆಗೂ ದೊರೆತಿರುವ ಸಾವಿರದಷ್ಟು ಹಾಡುಗಳಿಗೂ ನಡುವಿನ ಅಂತರ ದೊಡ್ಡದು; ನೆನಪಿನಲ್ಲಿ ನಿಲ್ಲದ ಹಾಡಿಗೆ ಬೇರೆ ಭಂಡಾರವಿರಲಿಲ್ಲ.

ಓಲೆಯನ್ನೇ ಏರದ, ಏರಿದರೂ ಶಾಸ್ತ್ರವಾಗದ ಪವಿತ್ರ ಮಾತುಗಳೂ ಇವೆ. 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಅಳಿದ ಕಂಪಿಲರಾಯನ ಮಗ ಕುಮಾರರಾಮ ಕಂಪ್ಲಿ ಸೀಮೆಯಲ್ಲಿ ದೈವವಾಗಿ ಪೂಜೆಗೊಂಡನು. ನಂಜುಂಡಕವಿಯ ಸಾಂಗತ್ಯದಂಥ ಕಾವ್ಯಗಳಾದವೇ ಹೊರತು ಅವನ ಕಥೆಗೆ ಶಾಸ್ತ್ರದ ಮನ್ನಣೆ ಬರಲಿಲ್ಲ. ಮಂಟೇಸ್ವಾಮಿಯ ಕಾವ್ಯ ಇನ್ನೂ ಮುಖ್ಯವಾದದ್ದು. ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ತಿಪ್ಪೆಯ ಮೇಲಿಂದ ಎದ್ದು ಕಲ್ಯಾಣಕ್ಕೆ ಬಂದು ಬಸವಣ್ಣನವರ ಶರಣರನ್ನು ಪರೀಕ್ಷಿಸಿ, ಸೋಗಿನ ಭಕ್ತಿಯನ್ನು ಬಯಲು ಮಾಡುವ ಕಥೆಯನ್ನು ಅವರ ಪರಂಪರೆಯ ಹಾಡುಗಾರರಾದ ನೀಲಗಾರರು ಹಳೆ ಮೈಸೂರಿನ ಸೀಮೆಯಲ್ಲಿ ಇರುಳಿಡೀ ಹಾಡುತ್ತಾರೆ. ವಿರಕ್ತರ ಸಂಕಲನ ಕೊಡದ ಕಲ್ಯಾಣ ಅಲ್ಲಿದೆ, ಕೆಳಗಿನಿಂದ ನೋಡಿದ ಕಲ್ಯಾಣ. 1991ರಲ್ಲಿ ಸ್ಥಾಪನೆಯಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನೂ ಇಂಥ ಇತರ ಜನಪದ ಮಹಾಕಾವ್ಯಗಳನ್ನೂ ಅಚ್ಚು ಮಾಡಿತು. ವಚನಗಳು ಗ್ರಂಥರೂಪ ಪಡೆದ ರಾಜಧಾನಿಯ ಮಗ್ಗುಲಲ್ಲೇ ಮಂಟೇಸ್ವಾಮಿಯೂ ಗ್ರಂಥವಾದದ್ದು ಸಮಾಧಾನದ ಸಂಗತಿ.

ಮರಳಿ ಬಂದವು

ಹೊರಗುಳಿದವು ಎಷ್ಟೋ ಸಲ ಆಕಸ್ಮಿಕವಾಗಿ ಕೈಗೆ ಬರುತ್ತವೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ರೈತರಿಗೆ ಮಡಕೆಯೊಂದರಲ್ಲಿ 13 ಕಾಪ್ಟಿಕ್ ಹೊತ್ತಗೆಗಳು ದೊರೆತವು. ಯೇಸುವಿನ 114 ನುಡಿಗಳಿರುವ ‘ತೋಮನ ಸುವಾರ್ತೆ’ ಪೂರ್ಣವಾಗಿ ತಿಳಿದದ್ದು ಅದರಿಂದ. ಕಥೆಯಿಲ್ಲದ, ಬಿಡಿ ನುಡಿಗಳ ಈ ಸುವಾರ್ತೆ ವಚನಗಳ ಓದುಗರಿಗೆ ಪರಿಚಿತವೆನಿಸುತ್ತದೆ.

ವಚನಗಳನ್ನಾದರೋ ಹುಡುಕಿ ಮರಳಿ ತಂದವರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964). ಊರೂರು ಅಲೆದು ಮಠಗಳ, ಮನೆಗಳ ಓಲೆಕಟ್ಟುಗಳನ್ನು ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರೂ ವಚನಗಳನ್ನು ವಿಷಯವಾರು ಜೋಡಿಸಿದರು. ಹೊಸ ಕಾಲಕ್ಕೆ ಹೊಸ ಸ್ಥಲಕಟ್ಟು ಬೇಕಾಯಿತು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಇಪ್ಪತ್ತು ಸಾವಿರದಷ್ಟು ವಚನಗಳನ್ನು ಒಟ್ಟುಗೂಡಿಸಿತು. ಬಸವಣ್ಣನವರ ಸುಮಾರು 1400 ವಚನಗಳ ಜೊತೆಗೆ ಸಂಕವ್ವೆಯ ಆ ಒಂದು ವಚನಕ್ಕೂ ಅಲ್ಲಿ ಅಷ್ಟೇ ಹಕ್ಕಿನ ಜಾಗವಿದೆ.

ವಚನ ಯಾರದೆಂದು ನಿರ್ಣಯಿಸುವುದು ಅಂಕಿತ. ಕ್ರೈಸ್ತ ಸಭೆಗಳಿಗೆ ಅಪೊಸ್ತಲರ ಹೆಸರು ಎಷ್ಟು ತೂಕದ್ದೋ ವಚನಗಳಿಗೆ ಅಂಕಿತ ಅಷ್ಟು ತೂಕದ್ದು. 1995ರಲ್ಲಿ ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಸಂಕಲನದಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಬದಲು ಲಿಂಗದೇವ ಎಂದು ಅಚ್ಚು ಮಾಡಿದಾಗ ನಾಡಿನಲ್ಲಿ ತೀವ್ರ ವಿರೋಧ ಎದ್ದಿತು. ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಸಂಕಲನಯುಗದವರು ವಚನಗಳ ಕ್ರಮವನ್ನು ಬದಲಿಸಿದ್ದರು, ನಡುವೆ ಶ್ಲೋಕ ಸೇರಿಸಿದ್ದರು, ಕಥೆಯನ್ನೂ ತಿರುಗಿಸಿದ್ದರು. ಬಸವಣ್ಣನ ಅಂಕಿತವನ್ನು ಮಾತ್ರ ಮುಟ್ಟಿರಲಿಲ್ಲ. ಹೊರಗುಳಿದವುಗಳ ಹುಡುಕಾಟ ಇನ್ನೂ ಮುಗಿದಿಲ್ಲ: ಸ್ವರವಚನಗಳ, ಟೀಕುಗಳ, ಮಠಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳ ಸಂಗ್ರಹ ಮತ್ತು ಪಟ್ಟಿ ಮಾಡುವ ಕೆಲಸ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗವೂ ಸೇರಿದಂತೆ ಹಲವು ಕಡೆ ನಡೆದಿದೆ.